ಡಾವಿಂಚಿ ರಿಸಾಲ್ವ್: ಏಳು ಜನರ ಕುರ್ಚಿ ಇದೆ, ಎಂಟನೆಯದ್ದು ನೀವೇ ಹಾಕಿಕೊಳ್ಳಬೇಕು

ಸಣ್ಣ ತಂಡ ಕಟ್ಟಿಕೊಂಡು ಕಿರುಚಿತ್ರ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವುದು, ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್ ತಗೊಳ್ಳೋಣ ಅಂತ. ನಾನು ಮೂರು ವರ್ಷದಿಂದ ಡಾವಿಂಚಿ ರಿಸಾಲ್ವ್‌ನಲ್ಲೇ ಕೆಲಸ ಮಾಡುತ್ತಿದ್ದೇನೆ. ಈಗ ನನ್ನ ಹತ್ತಿರ ಇರುವುದು 20ನೇ ಆವೃತ್ತಿ, ದುಡ್ಡು ಕೊಟ್ಟು ತಗೊಂಡ ಸ್ಟುಡಿಯೋ ಆವೃತ್ತಿ. ಅದಕ್ಕೂ ಮುಂಚೆ ಎರಡು ವರ್ಷ ಗಾಂಧಿನಗರದ ಕಡೆ ಸಹಾಯಕ ಸಂಕಲನಕಾರನಾಗಿ ದುಡಿದಿದ್ದೆ, ಹಾಗಾಗಿ ದೊಡ್ಡ ಸಿನಿಮಾದಲ್ಲಿ ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ, ಯಾರದ್ದು ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಈ ರಿವ್ಯೂ ಬರೆಯುತ್ತಿರುವುದೂ ಆ ಲೆಕ್ಕದಲ್ಲೇ. ಯಾವ ಬಟನ್ ಎಲ್ಲಿದೆ ಅಂತ ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಈ ಸಾಫ್ಟ್‌ವೇರ್ ಯಾರ್ಯಾರ ಕೆಲಸವನ್ನು ನಿಮ್ಮ ತಲೆ ಮೇಲೆ ತಂದು ಹಾಕುತ್ತದೆ ಅನ್ನುವುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ತೆರೆದ ಕೂಡಲೇ ಕೆಳಗಡೆ ಒಂದು ಸಾಲು ಕಾಣುತ್ತದೆ. ಮೀಡಿಯಾ, ಕಟ್, ಎಡಿಟ್, ಫ್ಯೂಷನ್, ಕಲರ್, ಫೇರ್‌ಲೈಟ್, ಡೆಲಿವರ್. ಒಟ್ಟು ಏಳು ಪುಟ. ಹೊಸಬರಿಗೆ ಇವು ಏಳು ಮೆನು ಅನ್ನಿಸುತ್ತವೆ. ಸೆಟ್ ನೋಡಿದವರಿಗೆ ಏಳು ಕುರ್ಚಿ ಕಾಣುತ್ತವೆ. ಮೀಡಿಯಾ ಪುಟದಲ್ಲಿ ಕೂರಬೇಕಾದವನು ಡಿಐಟಿ, ಅಂದರೆ ಸೆಟ್‌ನಲ್ಲಿ ಫುಟೇಜ್ ಕಾಪಿ ಮಾಡಿ ಜೋಪಾನ ಮಾಡುವವನು, ಇಲ್ಲವೇ ಸಹಾಯಕ ಸಂಕಲನಕಾರ. ಎಡಿಟ್‌ನಲ್ಲಿ ಸಂಕಲನಕಾರ. ಫ್ಯೂಷನ್‌ನಲ್ಲಿ ಬೇರೆ ಬೇರೆ ಚಿತ್ರಗಳನ್ನು ಒಂದಾಗಿ ಬೆಸೆಯುವ ಕಾಂಪೊಸಿಟರ್, ಕಲರ್‌ನಲ್ಲಿ ಬಣ್ಣ ಹೊಂದಿಸುವ ಕಲರಿಸ್ಟ್, ಫೇರ್‌ಲೈಟ್‌ನಲ್ಲಿ ಸೌಂಡ್ ಎಡಿಟರ್ ಮತ್ತು ಮಿಕ್ಸ್ ಮಾಡುವವರು. ಇದು ಸುಮ್ನೆ ಹೋಲಿಕೆಗೆ ಹೇಳಿದ್ದಲ್ಲ. ಈ ಪುಟಗಳಲ್ಲಿ ಮೂರು ನಿಜವಾಗಿಯೂ ಬೇರೆ ಬೇರೆ ಕಸುಬಿನ ಅಂಗಡಿಗಳಿಂದ ಬಂದವು. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ 2009ರಲ್ಲಿ ಡಾವಿಂಚಿ ಸಿಸ್ಟಮ್ಸ್ ಅನ್ನು ಕೊಂಡಿತು, ಅದು ಕಲರ್ ಮಾಡುವ ಯಂತ್ರಗಳಿಗೆ ಹೆಸರಾದ ಕಂಪನಿ. 2014ರಲ್ಲಿ ಟೊರಾಂಟೊದ ಐಆನ್ ಅವರಿಂದ ಫ್ಯೂಷನ್ ಬಂತು, 2016ರಲ್ಲಿ ಫೇರ್‌ಲೈಟ್. ಹಿಂದೆ ದೊಡ್ಡ ಲ್ಯಾಬ್‌ಗಳು ಮಾತ್ರ ಇಟ್ಟುಕೊಳ್ಳಬಹುದಾಗಿದ್ದ ಕಲರ್ ಸಿಸ್ಟಮ್ 2010ರಲ್ಲಿ 995 ಡಾಲರ್ ಸಾಫ್ಟ್‌ವೇರ್ ಆಯಿತು, ಮರುವರ್ಷ ಅದಕ್ಕೊಂದು ಉಚಿತ ಆವೃತ್ತಿಯೂ ಬಂತು. ನಮ್ಮಂಥವರ ಲ್ಯಾಪ್‌ಟಾಪಿಗೆ ಅದು ಬಂದದ್ದು ಹಾಗೆ.

ಹಾಗಾಗಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಭಾಷೆಯೇ ಬದಲಾಗುತ್ತದೆ. ಎಡಿಟ್‌ನಲ್ಲಿ ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್) ಓಡುತ್ತದೆ, ಫ್ಯೂಷನ್‌ಗೆ ಹೋದರೆ ಫ್ರೇಮ್ ಲೆಕ್ಕ. ಎಡಿಟ್‌ನಲ್ಲಿ ಒಂದರ ಮೇಲೊಂದು ಲೇಯರ್, ಫ್ಯೂಷನ್‌ನಲ್ಲಿ ಡಬ್ಬಗಳಿಗೆ ದಾರ ಕಟ್ಟಿದ ಹಾಗೆ ನೋಡ್. ಮೊದಮೊದಲು ಕಿರಿಕಿರಿ ಆಗುತ್ತದೆ. ಬೇರೆ ಬೇರೆ ಮನೆಯವರು ಒಂದೇ ವಠಾರಕ್ಕೆ ಬಂದಿದ್ದಾರೆ ಅಂದುಕೊಂಡರೆ ಬೇಗ ಹೊಂದಿಕೊಳ್ಳಬಹುದು.

ದುಡ್ಡಿನ ವಿಷಯ ಇಲ್ಲೇ ಮುಗಿಸುತ್ತೇನೆ. ಉಚಿತ ಆವೃತ್ತಿ ನಿಜವಾಗಿ ಉಚಿತ, ಸ್ಟುಡಿಯೋ ಆವೃತ್ತಿಯ ಎಫೆಕ್ಟ್‌ಗಳನ್ನು ಮುಟ್ಟದಿದ್ದರೆ ವಾಟರ್‌ಮಾರ್ಕ್ ಹಾಕಿ ಹೆದರಿಸುವುದಿಲ್ಲ. ಅಲ್ಟ್ರಾ ಎಚ್‌ಡಿವರೆಗೆ, ಅಂದರೆ 3840×2160ವರೆಗೆ ಔಟ್‌ಪುಟ್ ತೆಗೆಯಬಹುದು. ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಕಡಿಮೆ ಮಾಡುವುದು), ಮ್ಯಾಜಿಕ್ ಮಾಸ್ಕ್ (ವ್ಯಕ್ತಿಯನ್ನು ತಾನೇ ಗುರುತಿಸಿ ಹಿನ್ನೆಲೆಯಿಂದ ಬಿಡಿಸುವುದು), ವಾಯ್ಸ್ ಐಸೊಲೇಷನ್ (ಸದ್ದಿನಿಂದ ಮಾತನ್ನು ಮಾತ್ರ ಬೇರ್ಪಡಿಸುವುದು) ಬೇಕು ಅಂದರೆ ಸ್ಟುಡಿಯೋ ಆವೃತ್ತಿ ಬೇಕು, ಬೆಲೆ 295 ಡಾಲರ್. ಒಂದೇ ಸಲ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಕಲಿಯುವವರು ಉಚಿತದಲ್ಲೇ ಶುರು ಮಾಡಿ. ರಾಮ್ ಮಾತ್ರ ನೋಡಿಕೊಳ್ಳಿ: ಬರೀ ಎಡಿಟ್‌ಗೆ 16 ಜಿಬಿ ಸಾಕು, ಫ್ಯೂಷನ್ ಮುಟ್ಟುತ್ತೀರಿ ಅಂದರೆ 32 ಜಿಬಿ ಬೇಕೇ ಬೇಕು.

ಈಗ ಅಸಲು ಕತೆಗೆ ಬರುತ್ತೇನೆ. ಒಂದೇ ಶಾಟ್ ಹಿಡಿದು ಹೇಳುತ್ತೇನೆ, ಯಾಕೆಂದರೆ ನನಗೆ ಈ ಸಾಫ್ಟ್‌ವೇರ್ ಅರ್ಥವಾದದ್ದೇ ಆ ಶಾಟ್‌ನಿಂದ.

ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಚಿತ್ರೀಕರಣ. 1975ರ ಸುಮಾರಿನ ಕತೆ. ತಂಡದಲ್ಲಿ ನಾವು 9 ಜನ. ಐದನೇ ದಿನ ಸಂಜೆ, ಬಾವಿಕಟ್ಟೆ ಮೇಲೆ ಅಜ್ಜಿ ಕೂತು ಅಡಿಕೆ ತೋಟದ ಕಡೆ ನೋಡುವ ಶಾಟ್. ಕ್ಯಾಮೆರಾ ಕೈಯಲ್ಲಿ, 6 ಸೆಕೆಂಡ್, 24 ಫ್ರೇಮ್ ಲೆಕ್ಕದಲ್ಲಿ 144 ಫ್ರೇಮ್. ಸೂರ್ಯ ಮುಳುಗುತ್ತಿದ್ದ, ಆಕಾಶವೆಲ್ಲ ಕಿತ್ತಳೆ ಬಣ್ಣ. ಅಜ್ಜಿಯ ಬಿಳಿ ಕೂದಲು ಗಾಳಿಗೆ ಹಾರುತ್ತಿತ್ತು. ಚೆನ್ನಾಗಿತ್ತು ಅಂದರೆ ಅಷ್ಟು ಚೆನ್ನಾಗಿತ್ತು. ಫೋಕಸ್ ಹಿಡಿಯುತ್ತಿದ್ದ ಹುಡುಗ ಮಾನಿಟರ್ ನೋಡಿ ಮೆಲ್ಲಗೆ ಕೇಳಿದ.

"ಅಣ್ಣಾ, ಅಜ್ಜಿ ತಲೆ ಹಿಂದೆ ಕರೆಂಟ್ ವೈರ್ ಹೋಗಿದೆ ಅಲ್ವಾ?"

"ಬಿಡೋ, ಪೋಸ್ಟ್‌ನಲ್ಲಿ ತೆಗೆದರಾಯ್ತು. ಲೈಟ್ ಹೋಗ್ತಿದೆ, ಇನ್ನೊಂದು ಟೇಕ್ ತಗೊಳ್ಳೋಣ," ಅಂದ ಕ್ಯಾಮೆರಾಮನ್. ಪೋಸ್ಟ್ ಅಂದರೆ ಶೂಟಿಂಗ್ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಮಾಡುವ ಕೆಲಸ. ನಾನು ಪಕ್ಕದಲ್ಲೇ ಇದ್ದೆ, ನಾನೂ ಹೂಂ ಅಂದೆ. ಎರಡನೇ ಟೇಕ್ ಆಯಿತು, ಪ್ಯಾಕಪ್.

ಇದರಲ್ಲಿ ಇನ್ನೊಂದು ವಿಷಯ ಗಮನಿಸಿ. ಅದೇ ಸಂಜೆ, ಅದೇ ಜಾಗದಲ್ಲಿ, ಸೌಂಡ್ ರೆಕಾರ್ಡ್ ಮಾಡುವ ಹುಡುಗ ಕೈ ಮೇಲೆತ್ತಿ ಎಲ್ಲರನ್ನೂ ನಿಲ್ಲಿಸಿದ. "ಒಂದು ನಿಮಿಷ ಯಾರೂ ಅಲ್ಲಾಡಬೇಡಿ ಸರ್, ಆಂಬಿಯನ್ಸ್ ತಗೋತೀನಿ." ಒಂದು ನಿಮಿಷ ಜೀರುಂಡೆ, ದೂರದ ನಾಯಿ, ಅಡಿಕೆ ಸೋಗೆಯ ಸದ್ದು. ಅವನ ಕೆಲಸದಲ್ಲಿ ಅದು ರೂಢಿ, ಯಾರೂ ಯಾಕೆ ಅಂತ ಕೇಳಲಿಲ್ಲ. ಚಿತ್ರಕ್ಕೂ ಅಂಥದ್ದೇ ಒಂದು ನಿಮಿಷ ಬೇಕು. ಅಜ್ಜಿ ಎದ್ದು ಹೋದ ಮೇಲೆ ಅದೇ ಲೆನ್ಸ್, ಅದೇ ಬೆಳಕಿನಲ್ಲಿ ಖಾಲಿ ಬಾವಿಕಟ್ಟೆಯನ್ನು 20 ಸೆಕೆಂಡ್ ತೆಗೆದುಕೊಳ್ಳುವುದು. ಅದನ್ನು ಕ್ಲೀನ್ ಪ್ಲೇಟ್ ಅನ್ನುತ್ತಾರೆ. ದೊಡ್ಡ ಸೆಟ್‌ನಲ್ಲಿ ಅದನ್ನು ಕೇಳುವುದಕ್ಕೇ ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ಚಿತ್ರ ತಿದ್ದುವ ಕೆಲಸ) ಸೂಪರ್‌ವೈಸರ್ ನಿಂತಿರುತ್ತಾರೆ. ಜೊತೆಗೆ ಡೇಟಾ ರ‍್ಯಾಂಗ್ಲರ್ ಅಂತ ಒಬ್ಬರು ಲೆನ್ಸ್ ಎಷ್ಟು, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಎಷ್ಟು ವಾಲಿದೆ, ನಟರಿಗೆ ಎಷ್ಟು ದೂರ ಎಲ್ಲ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಹೊಳೆಯುವ ಗುಂಡು, ಬೂದು ಬಣ್ಣದ ಗುಂಡು ಹಿಡಿದು ಫ್ರೇಮಿನೊಳಗೆ ನಿಲ್ಲುವುದೂ ಅವರೇ. ಬೆಳಕು ಯಾವ ಕಡೆಯಿಂದ, ಎಷ್ಟು ಬೀಳುತ್ತಿತ್ತು ಅಂತ ಆಮೇಲೆ ಕಂಪ್ಯೂಟರ್ ಮುಂದೆ ಕೂರುವವರಿಗೆ ಗೊತ್ತಾಗುವುದು ಆ ಗುಂಡುಗಳಿಂದ. ನಮ್ಮ 9 ಜನರಲ್ಲಿ ಧ್ವನಿಗೆ ಒಬ್ಬ ಇದ್ದ. ಇದಕ್ಕೆ ಯಾರೂ ಇರಲಿಲ್ಲ.

ಮನೆಗೆ ಬಂದು ಮೀಡಿಯಾ ಪುಟ ತೆರೆದೆ. ಈ ಪುಟವನ್ನು ಎಲ್ಲರೂ ಹಾರಿಸಿಕೊಂಡು ಹೋಗುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಕ್ಲೋನ್ ಅಂತ ಒಂದು ಸೌಲಭ್ಯ ಇದೆ, ಕಾರ್ಡಿನಲ್ಲಿರುವುದನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಕಾಪಿ ಸರಿಯಾಗಿದೆಯಾ ಅಂತ ಪರೀಕ್ಷೆಯನ್ನೂ ಮಾಡುತ್ತದೆ. ಸುಮ್ನೆ ಎಳೆದು ಹಾಕುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಡಿಐಟಿ ಸಂಬಳ ತಗೊಳ್ಳುವುದೇ ಈ ಕೆಲಸಕ್ಕೆ. ಸೀನ್, ಶಾಟ್, ಟೇಕ್ ನಂಬರ್ ತುಂಬಲು ಜಾಗವಿದೆ, ಚೆನ್ನಾಗಿ ಬಂದ ಟೇಕಿಗೆ ಗುರುತು ಹಾಕಬಹುದು, ಬೇರೆಯಾಗಿ ರೆಕಾರ್ಡ್ ಮಾಡಿದ ಧ್ವನಿಯನ್ನು ಟೈಮ್‌ಕೋಡ್‌ನಿಂದಲೋ ಧ್ವನಿಯ ಅಲೆ ನೋಡಿಯೋ ತಾನೇ ಚಿತ್ರಕ್ಕೆ ಜೋಡಿಸುತ್ತದೆ. ಆದರೆ ಆ ಜಾಗದಲ್ಲಿ ತುಂಬಲು ನಮ್ಮ ಹತ್ತಿರ ಮಾಹಿತಿ ಇರಬೇಕಲ್ಲ. ಬಾವಿಕಟ್ಟೆ ಶಾಟ್‌ಗೆ ಹಾಕಿದ್ದು ಹಳೆಯ ಮ್ಯಾನುಯಲ್ ಲೆನ್ಸ್, ಅದು ಕ್ಯಾಮೆರಾಗೆ ಏನನ್ನೂ ಹೇಳುವುದಿಲ್ಲ. 35 ಎಂಎಂ ಲೆನ್ಸ್ ಅಂತ ಒಬ್ಬ, 50 ಅಂತ ಇನ್ನೊಬ್ಬ. ಫೋನಿನಲ್ಲಿ ಅರ್ಧ ಗಂಟೆ ವಾದ ಆಯಿತು.

ಇಲ್ಲೇ ಒಂದು ಎಚ್ಚರಿಕೆ. ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಫ್ರೇಮ್ ರೇಟ್ ನಿಗದಿ ಮಾಡಿ. ಒಮ್ಮೆ ಕ್ಲಿಪ್‌ಗಳನ್ನು ಒಳಗೆ ತಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಾಯಿಸಲು ಬಿಡುವುದಿಲ್ಲ. ಮೊದಲನೇ ದಿನ ಕ್ಯಾಮೆರಾಮನ್, ಸೌಂಡ್, ಎಡಿಟರ್ ಮೂವರೂ ಕೂತು ಮಾತಾಡಬೇಕಾದ ವಿಷಯ ಇದು.

ಎಡಿಟ್ ಪುಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಳ್ಳೆಯ ಎಡಿಟರ್‌ಗೆ ಬೇಕಾದ್ದೆಲ್ಲ ಇದೆ. ಕಟ್ ಪುಟ ಸುದ್ದಿ, ಚಿಕ್ಕ ವಿಡಿಯೋ ಮಾಡುವವರಿಗೆ, ನಾನು ಅದನ್ನು ಮುಟ್ಟುವುದೇ ಕಡಿಮೆ.

ವೈರ್ ತೆಗೆಯುವ ಕೆಲಸವನ್ನು ಮೊದಲು ನಾನು ಮಾಡಲು ಹೋಗಲಿಲ್ಲ. ಬೆಂಗಳೂರಿನ ಒಂದು ಸಣ್ಣ ವಿಎಫ್‌ಎಕ್ಸ್ ಸ್ಟುಡಿಯೋಗೆ ಕೊಟ್ಟೆವು, ಹೆಸರು ಬೇಡ. 12 ದಿನ ಆದ ಮೇಲೆ ಶಾಟ್ ಬಂತು. ವೈರ್ ಹೋಗಿತ್ತು, ಜೊತೆಗೆ ಅಜ್ಜಿಯ ಹಾರುವ ಕೂದಲೂ ಹೋಗಿತ್ತು. ತಲೆ ಸುತ್ತ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗೆರೆ. ಬಣ್ಣವೂ ಬೇರೆ, ಚಿತ್ರದ ಉಳಿದ ಶಾಟ್‌ಗಳ ಪಕ್ಕ ಇಟ್ಟರೆ ಹೊಂದುತ್ತಲೇ ಇರಲಿಲ್ಲ. ಅಲ್ಲಿ ಕೆಲಸ ಮಾಡಿದ ಹುಡುಗನಿಗೆ ಕೈ ಇತ್ತು, ಅದು ನನಗೆ ಗೊತ್ತಾಗುತ್ತಿತ್ತು. ಯಾವ ಫಾರ್ಮ್ಯಾಟ್‌ನಲ್ಲಿ ಕಳಿಸಬೇಕು, ಬಣ್ಣ ಲಾಗ್‌ನಲ್ಲೇ (ಕ್ಯಾಮೆರಾ ಕೊಟ್ಟ, ತಿದ್ದದ ಸಪ್ಪೆ ಬಣ್ಣ) ಇರಲಿ ಅಂತ ಹೇಳಬೇಕು, ಹಿಂದೆ ಮುಂದೆ ಎಷ್ಟು ಫ್ರೇಮ್ ಜಾಸ್ತಿ ಬೇಕು, ಕೂದಲು ಉಳಿಯಬೇಕಾ ಅಂತ ಕೇಳಿಕೊಳ್ಳಬೇಕು, ಇದನ್ನೆಲ್ಲ ಮಾಡುವ ಕೋಆರ್ಡಿನೇಟರ್ ಅಲ್ಲಿಯೂ ಇರಲಿಲ್ಲ, ನಮ್ಮ ಕಡೆಯೂ ಇರಲಿಲ್ಲ. ದೊಡ್ಡ ಸ್ಟುಡಿಯೋದಲ್ಲಿ ಈ ಒಂದು ಶಾಟ್ ಕಡಿಮೆ ಅಂದರೂ ನಾಲ್ಕು ಜನರ ಕೈ ದಾಟುತ್ತದೆ: ರೋಟೋ ಮಾಡುವವರು ಅಜ್ಜಿಯ ಅಂಚನ್ನು ಫ್ರೇಮ್ ಫ್ರೇಮಿಗೂ ಬಿಡಿಸುತ್ತಾರೆ, ಪೇಂಟ್ ಅಥವಾ ಪ್ರೆಪ್ ಆರ್ಟಿಸ್ಟ್ ವೈರ್ ಅಳಿಸುತ್ತಾರೆ, ಮ್ಯಾಚ್‌ಮೂವ್‌ನವರು ಕ್ಯಾಮೆರಾ ಹೇಗೆ ಅಲ್ಲಾಡಿತು ಅಂತ ಲೆಕ್ಕ ತೆಗೆಯುತ್ತಾರೆ, ಕಾಂಪೊಸಿಟರ್ ಎಲ್ಲವನ್ನೂ ಸೇರಿಸಿ ಯಾರಿಗೂ ಗೊತ್ತಾಗದ ಹಾಗೆ ಮಾಡುತ್ತಾರೆ. ಈ ನಾಲ್ವರ ನಡುವೆ ಫೈಲ್ ತಪ್ಪದ ಹಾಗೆ, ಮಾತು ತಪ್ಪದ ಹಾಗೆ ನೋಡಿಕೊಳ್ಳುವುದು ಕೋಆರ್ಡಿನೇಟರ್. ಆ ಕೆಲಸಕ್ಕೆ ಹೆಸರು ಬರುವುದಿಲ್ಲ, ಟೈಟಲ್ ಕಾರ್ಡಿನಲ್ಲಿ ಎಲ್ಲೋ ಕೊನೆಗೆ ಇರುತ್ತದೆ. ನನ್ನನ್ನು ಕೇಳಿದರೆ ಮೊದಲ ಸಾಲಿಗೆ ಬರಬೇಕು.

ಆಮೇಲೆ ಬೇರೆ ದಾರಿ ಇಲ್ಲದೆ ಫ್ಯೂಷನ್ ಪುಟದಲ್ಲಿ ನಾನೇ ಕೂತೆ. 144 ಫ್ರೇಮಿಗೆ ಎರಡೂ ಕಡೆ 8ರಂತೆ ಹೆಚ್ಚುವರಿ ಫ್ರೇಮ್, ಅಂದರೆ ಹ್ಯಾಂಡಲ್, ಸೇರಿಸಿ 160 ಫ್ರೇಮ್. ಬಾವಿಯ ಹಿಂದಿನ ಕಲ್ಲುಗೋಡೆ ಮೇಲೆ ಸಮತಟ್ಟು ಜಾಗದ ಅಲುಗಾಟ ಹಿಂಬಾಲಿಸುವ ಪ್ಲೇನರ್ ಟ್ರ್ಯಾಕರ್ ಹಾಕಿ, ಕೈಯ ಅಲುಗಾಟ ನಿಲ್ಲಿಸಿ, ಒಂದೇ ಫ್ರೇಮಿನಲ್ಲಿ ಪಕ್ಕದ ಆಕಾಶವನ್ನು ತೆಗೆದು ವೈರ್ ಮೇಲೆ ಬಳಿದು, ಆ ಫ್ರೇಮನ್ನು ಹಾಗೇ ಹಿಡಿದಿಟ್ಟು, ಮತ್ತೆ ಅಲುಗಾಟ ವಾಪಸ್ ಕೊಟ್ಟೆ. ಇಷ್ಟಕ್ಕೆ ಒಂದು ದಿನ ಸಾಕಾಯಿತು. ಕಷ್ಟ ಇದ್ದದ್ದು ಅಜ್ಜಿಯನ್ನು ಅದರ ಮುಂದೆ ಮತ್ತೆ ಕೂರಿಸುವುದರಲ್ಲಿ. ಮ್ಯಾಜಿಕ್ ಮಾಸ್ಕ್ ಹಾಕಿದೆ, ಮುಖ, ಸೀರೆ, ಭುಜ ಎಲ್ಲ ಸರಿಯಾಗಿ ಹಿಡಿಯಿತು. ಅಷ್ಟು ತೆಳುವಾದ ಒಂಟಿ ಕೂದಲು ಅದಕ್ಕೆ ಸಿಗುವಂಥದ್ದಲ್ಲ. ಕೈಯಲ್ಲಿ ಬಿಡಿಸಿದರೆ ಮೊದಲಿನ ಸ್ಟುಡಿಯೋ ಮಾಡಿದ ಹಾಗೇ ಬರುತ್ತಿತ್ತು.

ಮೂರನೇ ರಾತ್ರಿ, ಚಾನೆಲ್‌ಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದೆ. ವ್ಯೂವರ್ ಮೇಲೆ ಕರ್ಸರ್ ಇಟ್ಟು ಕೀಬೋರ್ಡಿನಲ್ಲಿ ಆರ್ ಒತ್ತಿದರೆ ಕೆಂಪು ಮಾತ್ರ, ಜಿ ಒತ್ತಿದರೆ ಹಸಿರು, ಬಿ ಒತ್ತಿದರೆ ನೀಲಿ. ಕೆಂಪಿನಲ್ಲಿ ಆಕಾಶವೂ ಬೆಳ್ಳಗೆ, ಕೂದಲೂ ಬೆಳ್ಳಗೆ, ಏನೂ ಬೇರೆ ಆಗುತ್ತಿರಲಿಲ್ಲ. ಬಿ ಒತ್ತಿದೆ. ಆಕಾಶ ಕಪ್ಪಾಗಿ ಹೋಯಿತು, ಅದರ ಮೇಲೆ ಅಜ್ಜಿಯ ಒಂದೊಂದು ಕೂದಲೂ ಬೆಳ್ಳಿ ದಾರದ ಹಾಗೆ ಎದ್ದು ಕಂಡಿತು. ಕಿತ್ತಳೆ ಆಕಾಶದಲ್ಲಿ ನೀಲಿ ಬಣ್ಣ ಕಡಿಮೆ ಇರುತ್ತದೆ, ಬಿಳಿ ಕೂದಲಲ್ಲಿ ಮೂರೂ ಬಣ್ಣ ಇರುತ್ತವೆ, ಅಷ್ಟೇ ಗುಟ್ಟು. ನೀಲಿ ಚಾನೆಲ್‌ನಲ್ಲಿ ಕಾಳುಕಾಳಾದ ನಾಯ್ಸ್ ಜಾಸ್ತಿ ಇರುವುದರಿಂದ ಮೊದಲು ನಾಯ್ಸ್ ರಿಡಕ್ಷನ್ ಮಾಡಿ, ಆಮೇಲೆ ಅದರಿಂದಲೇ ಮಾಸ್ಕ್ ತೆಗೆದೆ. ಆ ಕ್ಷಣದ ಖುಷಿಯನ್ನು ಹೇಗೆ ಹೇಳಲಿ, ಎದ್ದು ಹೋಗಿ ಮಲಗಿದ್ದ ತಮ್ಮನನ್ನು ಎಬ್ಬಿಸಿ ತೋರಿಸಿದೆ.

ಒಟ್ಟು 9 ದಿನ ಹಿಡಿಯಿತು, 6 ಸೆಕೆಂಡಿಗೆ. ಕ್ಲೀನ್ ಪ್ಲೇಟ್ ಇದ್ದಿದ್ದರೂ ಕೂದಲಿನ ಕೆಲಸ ಇದ್ದೇ ಇರುತ್ತಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಆಕಾಶ, ಸೋಗೆಗಳ ಸಂದಿ, ಕಟ್ಟೆಯ ಅಂಚು ಇವನ್ನೆಲ್ಲ ಊಹೆ ಮಾಡಿ ಬಳಿಯುವ ಬದಲು ಇದ್ದದ್ದನ್ನೇ ತಂದು ಇಡಬಹುದಿತ್ತು. ಕ್ಯಾಮೆರಾಮನ್ ಎರಡು ಹೆಜ್ಜೆ ಎಡಕ್ಕೆ ನಿಂತಿದ್ದರೆ ವೈರೇ ಬರುತ್ತಿರಲಿಲ್ಲವೇನೋ. ಅದನ್ನು ಆ ಹೊತ್ತಿನಲ್ಲಿ ಹೇಳುವ ಅಧಿಕಾರ ಯಾರಿಗೂ ಕೊಟ್ಟಿರಲಿಲ್ಲ. ಫೋಕಸ್ ಹುಡುಗ ನೋಡಿದ್ದ, ಹೇಳಿಯೂ ಇದ್ದ. ಅವನ ಮಾತು ಕೇಳುವ ಕುರ್ಚಿ ಸೆಟ್‌ನಲ್ಲಿ ಇರಲಿಲ್ಲ.

ಕಲರ್ ಪುಟದ ಬಗ್ಗೆ ನಾನು ಬಿಚ್ಚುಮನಸ್ಸಿನಿಂದ ಹೊಗಳುತ್ತೇನೆ. ಈ ಸಾಫ್ಟ್‌ವೇರ್ ಹುಟ್ಟಿದ್ದೇ ಇದಕ್ಕೆ, ಅದು ಪ್ರತಿ ಗುಂಡಿಯಲ್ಲೂ ಗೊತ್ತಾಗುತ್ತದೆ. ನೆರಳು, ನಡು, ಬೆಳಕು ಮೂರಕ್ಕೂ ಬೇರೆ ಬೇರೆ ಚಕ್ರ, ಪಕ್ಕದಲ್ಲಿ ಬೆಳಕು, ಬಣ್ಣ ಅಳೆದು ತೋರಿಸುವ ಸ್ಕೋಪ್, ಒಂದೊಂದು ಬದಲಾವಣೆಗೂ ಒಂದೊಂದು ನೋಡ್, ಬೇಡ ಅಂದರೆ ಆರಿಸಿ ನೋಡಬಹುದು. ಆದರೂ ಒಂದು ಮಾತು. ಬಾವಿಕಟ್ಟೆ ಶಾಟ್‌ಗೆ 9 ದಿನ ಮಣ್ಣು ಹೊತ್ತ ಕಣ್ಣಿನಲ್ಲೇ ನಾನು ಕಲರ್ ಮಾಡಿದಾಗ ಆ ಶಾಟ್ ಮಾತ್ರ ಚೆನ್ನಾಗಿ ಕಂಡು ಪಕ್ಕದವು ಸಪ್ಪೆಯಾದವು. ಗೆಳತಿಯೊಬ್ಬಳು ಬಂದು ಕೂತು, ಕತೆ ಗೊತ್ತಿಲ್ಲದ ಕಣ್ಣಿನಲ್ಲಿ ನೋಡಿ, ಎರಡು ದಿನದಲ್ಲಿ 14 ನಿಮಿಷದ ಚಿತ್ರವನ್ನೂ ಒಂದೇ ಸಂಜೆಯ ಹಾಗೆ ಮಾಡಿಕೊಟ್ಟಳು. ಕಲರಿಸ್ಟ್ ಅನ್ನುವವರು ಬೇರೆಯವರೇ ಆಗಿರಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಕಾರಣ ಬೇಡ.

ಫೇರ್‌ಲೈಟ್‌ನಲ್ಲಿ ಡಬ್ಬಿಂಗ್‌ಗೆ ಬೇಕಾದ ಸೌಕರ್ಯವೂ ಇದೆ, ಸಾಲುಸಾಲಾಗಿ ಡೈಲಾಗ್ ಇಟ್ಟುಕೊಂಡು ರೆಕಾರ್ಡ್ ಮಾಡಬಹುದು. ನಾವು ಸಿಂಕ್ ಸೌಂಡ್ (ಮಾತನ್ನು ಸೆಟ್‌ನಲ್ಲೇ ರೆಕಾರ್ಡ್ ಮಾಡುವುದು) ಮಾಡಿದ್ದರಿಂದ ಹೆಚ್ಚು ಬಳಸಿದ್ದು ವಾಯ್ಸ್ ಐಸೊಲೇಷನ್. ಜೀರುಂಡೆ ಸದ್ದನ್ನು ಪೂರ್ತಿ ಅಳಿಸಿ ಅಜ್ಜಿಯ ಮಾತನ್ನು ಮಾತ್ರ ಉಳಿಸಿತು. ಕೇಳಿದರೆ ಎಲ್ಲೋ ಗಾಜಿನ ಕೋಣೆಯಲ್ಲಿ ಮಾತಾಡಿದ ಹಾಗಿತ್ತು, ಮಲೆನಾಡೇ ಹೊರಟುಹೋಗಿತ್ತು. ಆಗ ಕೈಹಿಡಿದದ್ದು ಆ ಹುಡುಗ ಕೈ ಎತ್ತಿ ತೆಗೆದುಕೊಂಡಿದ್ದ ಒಂದು ನಿಮಿಷ. ಅದನ್ನು ಕೆಳಗೆ ಹಾಸಿದ ಕೂಡಲೇ ಸಂಜೆ ವಾಪಸ್ ಬಂತು. 10 ನಿಮಿಷದ ಕೆಲಸ. ಚಿತ್ರಕ್ಕೆ 9 ದಿನ, ಧ್ವನಿಗೆ 10 ನಿಮಿಷ, ಎರಡೂ ಒಂದೇ ಜಾಗದ್ದು, ಒಂದೇ ಸಂಜೆಯದ್ದು.

ಡೆಲಿವರ್ ಪುಟ ಸರಳ. ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ ಕೂಡ ಇಲ್ಲಿಂದಲೇ ತೆಗೆಯಬಹುದು. ಹೊರಗಿನವರಿಗೆ ವಿಎಫ್‌ಎಕ್ಸ್ ಶಾಟ್ ಕಳಿಸುವಾಗ ಒಂದೊಂದು ಕ್ಲಿಪ್ಪನ್ನೂ ಬೇರೆ ಬೇರೆಯಾಗಿ, ಇಎಕ್ಸ್‌ಆರ್ ಅನ್ನುವ ಫಾರ್ಮ್ಯಾಟಿನ ಬಿಡಿ ಫ್ರೇಮುಗಳಾಗಿ, ಹ್ಯಾಂಡಲ್ ಸೇರಿಸಿ ತೆಗೆಯುವ ಆಯ್ಕೆ ಇಲ್ಲೇ ಇದೆ. ಸ್ಟುಡಿಯೋಗೆ ಕೊಡುವ ಮುಂಚೆ ಇದು ನನಗೆ ಗೊತ್ತಿದ್ದಿದ್ದರೆ ಬಣ್ಣದ ಗಲಾಟೆ ಆಗುತ್ತಿರಲಿಲ್ಲ.

ಕಲಿಯುವುದಕ್ಕೆ ಬ್ಲ್ಯಾಕ್‌ಮ್ಯಾಜಿಕ್‌ನವರೇ ಪುಸ್ತಕಗಳನ್ನು ಪಿಡಿಎಫ್ ಆಗಿ ಉಚಿತವಾಗಿ ಕೊಡುತ್ತಾರೆ, ಅಭ್ಯಾಸಕ್ಕೆ ಫುಟೇಜ್ ಕೂಡ. ಎಡಿಟಿಂಗ್‌ಗೆ ಒಂದು, ಕಲರ್‌ಗೆ ಒಂದು, ಧ್ವನಿಗೆ ಒಂದು, ವಿಎಫ್‌ಎಕ್ಸ್‌ಗೆ ಒಂದು. ಮ್ಯಾನುಯಲ್ ಬೇರೆ, ಅದು 4,000ಕ್ಕೂ ಹೆಚ್ಚು ಪುಟ, ಬೇಕಾದಾಗ ಹುಡುಕಿಕೊಂಡರೆ ಸಾಕು. ನನ್ನ ಸಲಹೆ ಇಷ್ಟು: ತಂಡದಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಎಲ್ಲವನ್ನೂ ಕಲಿಯಬೇಡಿ. ಒಬ್ಬೊಬ್ಬರು ಒಂದೊಂದು ಪುಸ್ತಕ ಹಂಚಿಕೊಳ್ಳಿ. ಅದಕ್ಕೂ ಮುಂಚೆ, ಶೂಟಿಂಗ್ ದಿನ ಕಂಪ್ಯೂಟರ್ ಕೆಲಸ ಮಾಡುವವರಲ್ಲಿ ಒಬ್ಬರನ್ನು ಕ್ಯಾಮೆರಾ ಪಕ್ಕ ನಿಲ್ಲಿಸಿ, ಕೈಗೊಂದು ಹಾಳೆ ಕೊಟ್ಟು, "ನಿಲ್ಲಿ" ಅನ್ನುವ ಅಧಿಕಾರ ಕೊಡಿ. 295 ಡಾಲರ್‌ಗೆ ಬರುವ ಏಳು ಕುರ್ಚಿಗಳಲ್ಲಿ ಅದು ಸೇರಿಲ್ಲ.

ಹೋದ ತಿಂಗಳು ಎರಡನೇ ಚಿತ್ರ ಶುರು ಮಾಡಿದೆವು. ಕಾಲ್ ಶೀಟ್‌ನಲ್ಲಿ ಈ ಸಲ ಪ್ಲೇಟ್, ಲೆನ್ಸ್ ಹಾಳೆ ಅಂತ ಬೇರೆ ಸಾಲೇ ಇದೆ, ಮುಂದೆ ಹೋದ ಸಲ ಫೋಕಸ್ ಹಿಡಿದ ಹುಡುಗನ ಹೆಸರು. ಎರಡನೇ ದಿನ ಸಂಜೆ ಮಳೆ ಬರುವ ಹಾಗಿತ್ತು, ಎಲ್ಲರೂ ಲೈಟ್ ಮಡಚುತ್ತಿದ್ದರು.

"ಅಣ್ಣಾ, ಇನ್ನೊಂದು ನಿಮಿಷ. ಎಲ್ರೂ ಫ್ರೇಮಿಂದ ಆಚೆ ಬನ್ನಿ, ಖಾಲಿ ಪ್ಲೇಟ್ ತಗೋಬೇಕು," ಅಂದ.

ಸೌಂಡ್ ಹುಡುಗನೂ ಕೈ ಎತ್ತಿದ. ಇಬ್ಬರೂ ಒಂದೇ ನಿಮಿಷದಲ್ಲಿ ತಮ್ಮ ತಮ್ಮದು ತಗೊಂಡರು.